ಒಬ್ಬಾಕಿ ಕಂಪನಿ

ಕಾಮರ್ಸ್ ಕಲಸೂ ಮಾಸ್ತರಗೋಳ ಬಾಳುವಿ ಭಾಳ ಬ್ಯಾಸರದ್ದು ಅಂತ ಮಂದಿ ತಿಳ್ಕೊಂಡಾರ. ತಪ್ಪು ನೋಡ್ರಿ. ನಮ್ಮ ಡಿಪಾರ್ಟ್‌ಮೆಂಟಿನಾಗ ದಿನಾ ಒಂದಿಲ್ಲೊಂದು ಫಜೀತಿ ಆಗೇ ಆಗತೈತಿ. ಬ್ಯಾಸರ ಅಂದ್ರ ಸಂಜಿಗೆ ಮನಿಗೆ ಬಂದ ಮ್ಯಾಲ ಅದನ್ನ ಹೇಳಿ ನಗಾಕ ಒಂದು ಜೀವ ಇರಂಗಿಲ್ಲ, ಅದು. ಅದಕ್ಕ ಇಲ್ಲಿ ಬರ್ಯಾಕತ್ತೇನಿ.

ನಾ ಧಾರವಾಡದಾಕಿ. ಗೋವಾದ ಒಂದು ವಿಶ್ವವಿದ್ಯಾಲಯದಾಗ ಕಲಸ್ತೇನಿ, ಸಾಂಕೋಲೆಯಾಗ ಬಾಡಿಗಿ ಮನಿಯಾಗ ಇರತೇನಿ. ನಮ್ಮವರು ಬಂದರದ ಆಫೀಸಿನಾಗ ಇದ್ರು, ಎರಡು ವರ್ಷದ ಹಿಂದ ತೀರಿಕೊಂಡ್ರು. ಮಕ್ಕಳಿಲ್ಲ. "ಅಲ್ಲಿ ಒಬ್ಬಾಕಿ ಏನ ಮಾಡ್ತಿ, ಊರಿಗೆ ಬಂದುಬಿಡು" ಅಂತ ಅಕ್ಕ ಫೋನಿನಾಗ ಜೀವಾ ತಿಂತಾಳ. "ಈ ವರ್ಷದ ಹುಡುಗರ ಪ್ರಾಜೆಕ್ಟ್ ಮುಗೀಲಿ, ಮನಿ ಖಾಲಿ ಮಾಡಿ ಬರ್ತೇನಿ" ಅಂತ ಮಾತು ಕೊಟ್ಟಿದ್ದೆ.

ಪಾವಿನವನ ಕೋಟಿ

ಆ ಪ್ರಾಜೆಕ್ಟಿನ ಹೆಸರು ಎಕ್ಸ್‌ಬಿಆರ್‌ಎಲ್. ಹೆದರಬ್ಯಾಡ್ರಿ. ಕಂಪನಿ ಲೆಕ್ಕಪತ್ರದಾಗಿನ ಒಂದೊಂದು ಅಂಕಿಗೂ ಇದು ಆದಾಯ, ಇದು ಖರ್ಚು, ಇದು ಇಂಥಾ ವರ್ಷದ್ದು ಅಂತ ಒಂದು ಟ್ಯಾಗ್ ಅಂಟಸೂದು. ಆಮ್ಯಾಲ ಕಂಪ್ಯೂಟರ್ ತಾನ ಓದಿ ತಪ್ಪು ಹುಡಕತೈತಿ. ತಪ್ಪಿದ್ರ ಕೆಂಪು, ಸರಿ ಇದ್ರ ಹಸಿರು. ಅಷ್ಟ.

ನನ್ನ ಪಾಲಿಗೆ ನಾಲ್ಕು ಮಂದಿ ಬಂದ್ರು. ಅಭ್ಯಾಸಕ್ಕ ಅಂತ ಓಣಿಯ ಬೇಕರಿಯವನ ಲೆಕ್ಕ ಕೇಳಿ ತಂದ್ರು. ದಿನಾ ಮುಂಜಾನೆ ಸೈಕಲ್ ಮ್ಯಾಲ ಹಾರ್ನ್ ಹೊಡಕೋತ ಪಾವ್ ಮಾರಾವ. ಗುಂಪಿನೊಳಗ ಒಬ್ಬ ಉದ್ದಾನ ಹುಡುಗ ಅದಾನ, ಇಲ್ಲೇ ಗೋವಾದಾವ. ಅಂಕಿ ರೂಪಾಯಿಯಾಗ ಅಂತ ಆರಸೂ ಜಾಗಾದಾಗ ಲಕ್ಷದಾಗ ಅಂತ ಒತ್ತಿಬಿಟ್ಟಾನ. ಎಲ್ಲಾ ಅಂಕಿನೂ ಒಂದ ಅಳತಿಯಾಗ ಉಬ್ಬಿದ್ದಕ್ಕ ಕಂಪ್ಯೂಟರಿಗೆ ಸಂಶಯ ಬರಲಿಲ್ಲ, ಹಸಿರು ಅಂದಿತು. ಪಾವಿನವನ ಸಾವಿರದ ಲಾಭ ಕಾಗದದ ಮ್ಯಾಲ ಕೋಟಿಗಟ್ಟಲೆ ಆತು. ಹುಡುಗರು ಖುಷಿಯಾಗಿ ಬಣ್ಣದ ಪ್ರಿಂಟ್ ತಗದು, ಫ್ರೇಮ್ ಹಾಕಿಸಿ ಬೇಕರಿಯವಗ ಕೊಟ್ಟು ಬಂದ್ರು.

ವಾರದ ಮ್ಯಾಲ ನನಗ ತಪ್ಪು ಗೊತ್ತಾತು. ಎದ್ದೆನೋ ಬಿದ್ದೆನೋ ಅಂತ ಬೇಕರಿಗೆ ಓಡಿದೆ. ಅಷ್ಟೊತ್ತಿಗೆ ಅವನ ಹೆಂಡತಿ ತಮ್ಮ ಅದನ್ನ ನೋಡಿ, ಬಸ್ಸು ತಗೋಬೇಕು ರೊಕ್ಕಾ ಕೊಡು ಅಂತ ಬಂದು ಕುಂತಿದ್ನಂತ.

"ತಪ್ಪಾಗೇತಿ ರೀ, ಫ್ರೇಮ್ ಕೊಡ್ರಿ, ಬ್ಯಾರೆ ಹಾಕಸ್ತೇವಿ" ಅಂದೆ.

ಬೇಕರಿಯವ ಫ್ರೇಮಿಗೆ ಅಡ್ಡ ನಿಂತ. "ಬ್ಯಾಡ್ರಿ ಮ್ಯಾಡಮ್. ಆ ಭಾವಮೈದುನನ್ನ ಹೆಂಗರೆ ಸಾಗಹಾಕೇನಿ. ಬರೂ ವಾರ ಮಗಳನ್ನ ನೋಡಾಕ ಗಂಡಿನ ಕಡೆಯವ್ರು ಬರಾಕತ್ತಾರ. ಅಲ್ಲೀತನಕ ಇರ್ಲಿ."

ಬೈಗಳು

ಡಿಪಾರ್ಟ್‌ಮೆಂಟಿನಾಗ ಎಲ್ಲಾರೂ ಚಲೋ ಮಂದಿ. ಆದ್ರ ಮಾತು ಕೊಂಕಣಿ, ಇಂಗ್ಲಿಷು, ಹಿಂದಿ; ಈ ಗೋವಾ ಮಂದಿ ಮಾತನ್ನೆಲ್ಲಾ ಇಲ್ಲಿ ನಾನ ಕನ್ನಡಕ್ಕ ತಿರುವಿ ಬರದೇನಿ. ಕನ್ನಡದಾಗ ನಾ ಮಾತಾಡೂದು ಅಕ್ಕನ ಜೋಡಿ ಫೋನಿನಾಗ, ಇಲ್ಲಂದ್ರ ಮನಿಯಾಗಿನ ಕುಕ್ಕರ್ ಜೋಡಿ. ಕುಕ್ಕರ್ ಒಂದ ಸೀಟಿ ಹೊಡದು ಸುಮ್ಮನಾದ್ರ ನನಗ ಸಿಟ್ಟು ಬರತೈತಿ, ಇದೂ ಮಾತು ಬಿಟ್ಟಿತಲ್ಲ ಅಂತ.

ಒಂದಿನ ಲ್ಯಾಬಿನಾಗ ಒತ್ತಿದಷ್ಟೂ ಕೆಂಪು. ತಿದ್ದಿ ಒತ್ತಿದ್ರೂ ಕೆಂಪು. ಇಲ್ಲಿ ಯಾರಿಗೆ ತಿಳೀತೈತಿ ಅನ್ನೂ ಧೈರ್ಯಾದಾಗ ಕಂಪ್ಯೂಟರಿನ ಮಾರಿ ನೋಡಿ, "ನಿನ್ನ ಬಾಯಾಗ ಮಣ್ಣ ಹಾಕ! ಯಾವ ಜನ್ಮದ ಸೇಡು ತೀರಸ್ಕೊಳ್ಳಾಕತ್ತೀಯೋ ಮುದೇವಿ!" ಅಂತ ಗಟ್ಟಿಯಾಗಿ ಬೈದೆ.

ಹಿಂದಿನ ಸಾಲಿನಾಗ ಯಾರೋ ಫಕ್ಕನ ನಕ್ರು. ನನ್ನ ಪ್ರಾಜೆಕ್ಟ್ ಗುಂಪಿನ್ಯಾಗಿನ ಹುಡುಗಿ, ಗೋವಾದ ಗಣಿ ಕಡೆಯ ಉಸಗಾಂವದಾಕಿ. ವರ್ಷಾನುಗಟ್ಟಲೆ ನನ್ನ ಮುಂದ ಕುಂತು ಇಂಗ್ಲಿಷಿನಾಗ "ಯಸ್ ಮ್ಯಾಮ್" ಅಂದಾಕಿ.

"ನಿನಗ ತಿಳೀತೇನ?" ಅಂದೆ.

"ತಿಳದೇ ಏನ್ರಿ ಮ್ಯಾಡಮ್! ನಮ್ಮಪ್ಪ ಮೈನಿಂಗ್ ಲಾರಿ ಹೊಡ್ಯಾಕ ವಿಜಾಪುರದಿಂದ ಬಂದಾವ. ನಮ್ಮವ್ವ ದಿನಾ ಹಿಂಗ ಬೈತಾಳ್ರಿ. ಆದ್ರ..." ಅಂತ ತಡವರಿಸಿದ್ಲು.

"ಆದ್ರ ಏನ?"

"ನಮ್ಮವ್ವಂದು ಇನ್ನೂ ಜೋರ್ ಇರತೈತ್ರಿ. ನೀವು ರೂಢಿ ತಪ್ಪೀರಿ."

ಮ್ಯಾನೇಜ್‌ಮೆಂಟ್

ಬೇಕರಿ ಫಜೀತಿ ಆದ ಮ್ಯಾಲ ಓಣಿಯಾಗ ಯಾರೂ ಹುಡುಗರಿಗೆ ಲೆಕ್ಕ ಕೊಡಲೊಲ್ಲರು. ಅದರ ಮ್ಯಾಲ ರವಿವಾರ ಲ್ಯಾಬ್ ಬಂದ್. "ಹಂಗಾದ್ರ ನಮ್ಮ ಮನಿಗೆ ಬರ್ರಿ, ನನ್ನ ಮನಿ ಖರ್ಚನ್ನ ಒಂದು ಕಂಪನಿ ಅಂತ ತಿಳ್ಕೊಂಡು ಮಾಡ್ರಿ" ಅಂದೆ.

ಬಂದ್ರಪಾ! ಆಮ್ಯಾಲ ಪ್ರತಿ ರವಿವಾರ ಬಂದ್ರು. ನಾ ಚುರಮುರಿಗೆ ಉಳ್ಳಾಗಡ್ಡಿ ಒಗ್ಗರಣಿ ಕಲಸಿ ಗಿರಮಿಟ್ಟು ಮಾಡ್ತಿದ್ದೆ. ಒಂದು ಹಿಡಿ ಚುರಮುರಿ ಸಾಕಿದ್ದ ಮನಿಗೆ ಚೀಲಗಟ್ಟಲೆ ಬರಾಕ ಹತ್ತಿತು. ಹುಡುಗರು ಮಿಕ್ಸರಿಗೆ ಸವಕಳಿ ಹಾಕಿದ್ರು, ಫ್ರಿಜ್ಜಿಗೆ ಆಯುಷ್ಯ ಕಟ್ಟಿದ್ರು. ಸಂಜಿಗೆ ಹೋಗ್ತಿದ್ರು. ಅವರು ಹೋದ ಕೂಡಲೇ ಮನಿ ಎಷ್ಟು ಗಪ್ಪಾಗ್ತಿತ್ತಂದ್ರ, ನಾ ಬೇಕಂತ ಭಾಂಡೆ ಸಪ್ಪಳಾ ಮಾಡಿ ತೊಳೀತಿದ್ದೆ. ಪ್ರಾಜೆಕ್ಟ್ ಮುಗಿದ್ರ ಇದೂ ಮುಗೀತೈತಿ ಅನ್ನೂದು ನನಗ ಗೊತ್ತಿತ್ತು.

ಅಂಗಳದಾಗ ನಮ್ಮವರ ಸ್ಕೂಟರ್ ಐತಿ. ಅವರು ಹೋದಾಗಿಂದ ಚಾಲೂ ಮಾಡಿಲ್ಲ. ಉದ್ದಾನ ಹುಡುಗ ಅದನ್ನ ಸುತ್ತಾಕಿ ನೋಡಿ, "ಮ್ಯಾಡಮ್, ಇದು ಓಡಂಗಿಲ್ಲ, ಆಸ್ತಿಯೊಳಗಿಂದ ತಗದುಬಿಡೋಣು" ಅಂದ.

"ಕೈ ಹಚ್ಚೀದಿ ಅಂದ್ರ ಗಿರಮಿಟ್ಟು ಬಂದ್!" ಅಂದೆ.

ಅಂವ ಏನೋ ಟೈಪ್ ಮಾಡಿದ. ವರದಿಯ ಟಿಪ್ಪಣಿ ನೋಡ್ತೇನಿ, ಸ್ಕೂಟರಿನ ಮುಂದ ಬರದಾನ: "ಇದರ ಬಗ್ಗೆ ಮ್ಯಾನೇಜ್‌ಮೆಂಟ್ ಜೋಡಿ ಮಾತಾಡೂದು ಅಪಾಯ."

ಕೆಂಪು ಖಾನೆ

ನಾ ಒಬ್ಬಾಕಿ ಅಂತ ಹುಡುಗರು 'ಒಬ್ಬರ ಕಂಪನಿ' ಅನ್ನೂ ನಮೂನಿ ಆರಿಸಿದ್ರು. ಕಾಯ್ದೆದಾಗ ಖರೇನ ಹಂಗೊಂದು ಐತ್ರಿ, ಒಬ್ಬರ ಇದ್ರೂ ಕಂಪನಿ ನಡಸಬಹುದು. ಆದ್ರ ಆ ಒಬ್ಬರು ಸತ್ರ ಮುಂದ ಯಾರು ಅಂತ ನಾಮಿನಿ ಹೆಸರು ಹಾಕಾಕಬೇಕು. ಹುಡುಗರು ಆ ನಿಯಮಾನೂ ಸಾಫ್ಟ್‌ವೇರಿಗೆ ಕಲಿಸಿಟ್ಟಿದ್ರು.

"ನಾಮಿನಿ ಯಾರ್ರಿ ಮ್ಯಾಡಮ್?" ಅಂದ್ಲು ಉಸಗಾಂವದ ಹುಡುಗಿ.

ಬ್ಯಾಂಕು, ಪಿಎಫ್, ಎಲ್ಲಾ ಕಡೆ ಇನ್ನೂ ನಮ್ಮವರ ಹೆಸರ ಐತಿ. ಬದಲಾಯಿಸಾಕ ಮನಸು ಬಂದಿಲ್ಲ, ಬಂದ್ರೂ ಯಾರ ಹೆಸರು ಬರೀಲಿ? "ಖಾಲಿ ಬಿಡು" ಅಂದೆ. ಆ ಖಾನೆ ಕೆಂಪಗ ಉಳೀತು.

ವೈವಾ ದಿನ ಬಂತು. ಪುಣೆಕಡೆಯಿಂದ ಪರೀಕ್ಷಕರು ಬಂದಿದ್ರು, ನಗೂದು ಗೊತ್ತಿಲ್ಲದ ಮನಷ್ಯಾ. ಪರದೆ ಮ್ಯಾಲ ನಮ್ಮ ಕಂಪನಿ ಮೂಡಿತು. ನೋಡ್ತೇನಿ, ಎಲ್ಲಾ ಹಸಿರು!

"ನಾಮಿನಿ ಎಲ್ಲಿ?" ಅಂದ್ರು ಪರೀಕ್ಷಕರು.

ಉದ್ದಾನ ಹುಡುಗ ಎದ್ದು ನಿಂತ. "ಬೇಕಾಗಿಲ್ಲ ಸರ್. ಇದು ಈಗ ಒಬ್ಬರ ಕಂಪನಿ ಅಲ್ಲ. ಪ್ರೈವೇಟ್ ಲಿಮಿಟೆಡ್ ಮಾಡೇವಿ. ಮ್ಯಾಡಮ್ ಮತ್ತ ನಾವು ನಾಲ್ಕು ಮಂದಿ ನಿರ್ದೇಶಕರು. ಪ್ರತಿ ರವಿವಾರ ಬೋರ್ಡ್ ಮೀಟಿಂಗ್."

"ಯಾವ ಆಧಾರದ ಮ್ಯಾಲ ಬದಲಾಯಿಸಿದ್ರಿ?"

ಉಸಗಾಂವದ ಹುಡುಗಿ ಖರ್ಚಿನ ಸಾಲಿಗೆ ಬಾಣದ ಗುರ್ತು ತಂದಿಟ್ಲು. "ಚುರಮುರಿ ಖರ್ಚು ನೋಡ್ರಿ ಸರ್. ಇದು ಒಬ್ಬರು ತಿನ್ನೂದಾ?"

ಪರೀಕ್ಷಕರು ಕನ್ನಡಕ ಏರಿಸಿ ನೋಡಿದ್ರು. ಖರೇನ ಭಾಳ ಇತ್ತು. "ಮಾಲಕರ ಒಪ್ಪಿಗಿ ತಗೊಂಡೀರೇನು?" ಅಂತ ಕೇಳಿದ್ರು.

ಎಲ್ಲಾರೂ ನನ್ನ ಕಡೆ ತಿರುಗಿದ್ರು. ಕಣ್ಣು ತುಂಬಿದ್ವು. ಇಂಗ್ಲಿಷೂ ಬರಲಿಲ್ಲ, ಹಿಂದಿನೂ ಬರಲಿಲ್ಲ. ಬಂದಿದ್ದು ಒಂದ: "ನಿಮ್ಮ ಬಾಯಾಗ ಮಣ್ಣ ಹಾಕ, ಮುದೇವಿಗೋಳ್ರಾ!"

"ಏನಂದ್ರು?" ಅಂದ್ರು ಪರೀಕ್ಷಕರು.

ಹುಡುಗಿ ಮಾರಿ ಗಂಭೀರ ಮಾಡಿ, "ಸರ್ವಾನುಮತದ ಒಪ್ಪಿಗಿ ಐತಿ ಅಂದ್ರು ಸರ್" ಅಂದ್ಲು.

ಮೀಟಿಂಗ್

ವೈವಾದಾಗ ಅಂದ ಮಾತು ವೈವಾಕ್ಕ ಮುಗೀತು ಅಂತ ತಿಳ್ಕೊಂಡಿದ್ದೆ. ಆ ರವಿವಾರ ಚುರಮುರಿ ತರಲಿಲ್ಲ. ಮನಿ ಖಾಲಿ ಮಾಡೂ ಮಾತು ಆಡಾಕ ಅಕ್ಕಗ ಫೋನ್ ಹಚ್ಚಿ ಕುಂತಿದ್ದೆ. ಬಾಗಿಲಾ ಬಡದ ಸಪ್ಪಳಾತು.

ನಾಲ್ಕೂ ಮಂದಿ ನಿಂತಿದ್ರು, ಚುರಮುರಿ ಚೀಲ ಅವರ ಕೈಯಾಗ ಇತ್ತು. ಉದ್ದಾನ ಹುಡುಗ ಹೊಸ್ತಿಲದಾಗ ನಿಂತ ಶುರು ಮಾಡಿದ. "ಮೊದಲನೇ ಠರಾವು. ಸ್ಕೂಟರ್ ತಗದು ಹಾಕೂದು ಬ್ಯಾಡ, ರಿಪೇರಿ ಮಾಡಿಸಿ ಮ್ಯಾಡಮ್‌ಗೆ ಹೊಡ್ಯಾಕ ಕಲಸೂದು. ಒಪ್ಪಿದವ್ರು ಕೈ ಎತ್ರಿ."

ನಾಲ್ಕು ಕೈ ಎದ್ದವು. "ನಾ ಒಪ್ಪಂಗಿಲ್ಲ! ಇದು ನನ್ನ ಮನಿ!" ಅಂತ ಒದರಿದೆ.

"ಒಂದು ಓಟು ವಿರುದ್ಧ" ಅಂತ ಹುಡುಗಿ ಬರಕೊಂಡ್ಲು. "ಠರಾವು ಪಾಸ್."

ನನ್ನ ಮನಿಯಾಗ ನನ್ನ ಮಾತು ಮೀರಾವ್ರು ಯಾರೂ ಇಲ್ಲದ ಎರಡು ವರ್ಷ ಆಗಿತ್ರಿ. ಫೋನಿನಾಗ ಅಕ್ಕ, "ಅದೇನ ಗದ್ದಲಾ? ಯಾವಾಗ ಬರ್ತಿ?" ಅಂತ ಕೇಳಾಕತ್ತಿದ್ಲು.

"ಬರಾಕ ಆಗಂಗಿಲ್ಲಕ್ಕ" ಅಂದೆ. "ಬೋರ್ಡ್ ಒಪ್ಪವಲ್ದು."