ಹನ್ನೊಂದು ಕೂದಲು

ಬಚ್ಚಲಮನೆಯ ಗೋಡೆಗೆ ಹೊಸದಾಗಿ ಅಂಟಿ ಕೂತಿದ್ದ ಕೊಕ್ಕೆಯನ್ನು ಕಂಡೊಡನೆ ಗುಂಗುರಣ್ಣ ಹೆಂಡತಿಯನ್ನು ಕೂಗಿ ಕರೆದ.

"ಇದನ್ನ ಯಾವುದರಲ್ಲಿ ಅಂಟಿಸಿದೆ?"

"ನಿಮ್ಮ ಕಪಾಟಲ್ಲಿತ್ತಲ್ಲ, ಎರಡೂ ಕಡೆ ಅಂಟೋ ಟೇಪು. ಉಳಿದಿದ್ದನ್ನೆಲ್ಲ ಸುತ್ತಿಬಿಟ್ಟೆ. ಎಷ್ಟು ಗಟ್ಟಿ ನೋಡಿ, ಎರಡು ಟವೆಲ್ ಹಾಕಿದ್ರೂ ಬೀಳಲ್ಲ!" ಎಂದಳು ಹೆಂಡತಿ.

"ಅದು ನನ್ನ ತಲೆಗೆ ಕಣೇ!"

"ನಿಮ್ಮ ತಲೆ ಒಂದಿನ ಹೇಗೋ ನಡೆಯುತ್ತೆ. ಟವೆಲ್ ದಿನಾ ನೆಲಕ್ಕೆ ಬೀಳ್ತಿತ್ತು."

ಗುಂಗುರಣ್ಣ ಎಂಬುದು ಬಲ್ಬ್ ಕಾರ್ಖಾನೆಯವರು ಅವನಿಗಿಟ್ಟ ಹೆಸರು. ಕಪ್ಪಗೆ ಸುರುಳಿ ಸುರುಳಿಯಾಗಿ ಹಣೆಗಿಳಿದ ಆ ಕೂದಲು ಕಂಡರೆ ಯಾರಾದರೂ ಹಾಗೇ ಕರೆದಾರು. ಅದು ವಿಗ್ ಎಂಬುದು ಅದನ್ನು ಮಾರಿದವನಿಗೂ ಮನೆಯವರಿಗೂ ಬಿಟ್ಟರೆ ಮತ್ತಾರಿಗೂ ಗೊತ್ತಿರಲಿಲ್ಲ. ಅವನ ಸ್ವಂತ ಕೂದಲು ಮೂವತ್ತೆರಡನೆಯ ವಯಸ್ಸಿಗೇ ಹೇಳದೆ ಕೇಳದೆ ಜಾಗ ಖಾಲಿ ಮಾಡಿತ್ತು.

ಇವತ್ತು ಅವನ ಆರು ತಿಂಗಳ ಪರೀಕ್ಷಾವಧಿ ಮುಗಿಯುವ ದಿನ. ಸಂಜೆಯೊಳಗೆ ಮ್ಯಾನೇಜರು ಸಹಿ ಹಾಕಿದರೆ ಕೆಲಸ ಖಾಯಂ. ಹಾಕದಿದ್ದರೆ ಹಳೆಯ ಕಸುಬು: ಬಿಸಿಲಲ್ಲಿ ಮನೆಮನೆಯ ಗಂಟೆ ಒತ್ತಿ ನೀರಿನ ಫಿಲ್ಟರ್ ಮಾರುವುದು. ಅದನ್ನು ನೆನೆದೇ ಅವನ ಮೊಣಕಾಲುಗಳು ನೋಯತೊಡಗಿದವು. ಬೇರೆ ದಾರಿ ಕಾಣದೆ ಮಗಳ ಚಿತ್ರಕಲೆಯ ಗೋಂದನ್ನು ತಲೆಗೆ ಬಳಿದುಕೊಂಡು, ವಿಗ್ ಒತ್ತಿ ಹಿಡಿದು, ಹತ್ತರವರೆಗೆ ಎಣಿಸಿ ಹೊರಟ.

ಕಾರ್ಖಾನೆಯಲ್ಲಿ ಕಾಲಿಡುತ್ತಲೇ ನೋಟಿಸ್ ಬೋರ್ಡು ಅವನನ್ನು ಅಣಕಿಸಿತು. ಎರಡು ತಿಂಗಳ ಹಿಂದೆ ಪ್ಯಾಕಿಂಗ್ ವಿಭಾಗದ ಅಕ್ಕ, "ಇಂಥ ಕೂದಲಿಗೆ ಏನ್ಮಾಡ್ತೀರಿ, ಹೇಳಿ ಅಣ್ಣ" ಎಂದು ಗಂಟುಬಿದ್ದಿದ್ದಳು. ಏನೂ ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೊಗಳಿಸಿಕೊಂಡ ಬಾಯಿ ಸುಮ್ಮನಿದ್ದೀತೇ? ಟೈಲರ್ ಅಂಗಡಿಯ ಹಳೇ ವಾರಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಒದರಿಬಿಟ್ಟಿದ್ದ. ಬೆರಳ ತುದಿಯಿಂದ ದಿನಾ ಐದು ನಿಮಿಷ ನೆತ್ತಿ ತಿಕ್ಕಿ. ಸುಡುನೀರು ಹೊಯ್ಯಬೇಡಿ. ಒದ್ದೆ ಕೂದಲು ಬಾಚಬೇಡಿ. ಬಾಚಣಿಗೆ, ದಿಂಬಿನ ಕವರು ಚೊಕ್ಕಟವಾಗಿರಲಿ. ನೆತ್ತಿಗೆ ಗಾಳಿಯಾಡಲಿ. ಅಕ್ಕ ಅದನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಬೆಂಕಿ ಬಿದ್ದಾಗ ಏನು ಮಾಡಬೇಕೆಂಬ ಸೂಚನೆಯ ಮೇಲೆಯೇ ಅಂಟಿಸಿದ್ದಳು. ಅಂದಿನಿಂದ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ, ನೆತ್ತಿ ಮಾತ್ರ ಎಲ್ಲರೂ ತಿಕ್ಕುತ್ತಾರೆ.

ಗುಂಗುರಣ್ಣ ತನ್ನ ಮೇಜಿಗೆ ಕೂತು ಒಂದೊಂದೇ ಬಲ್ಬನ್ನು ಹೋಲ್ಡರಿಗೆ ಹಾಕಿ, ಉರಿಸಿ ನೋಡಿ, ಪೆಟ್ಟಿಗೆಗೆ ಠಸ್ಸೆ ಒತ್ತತೊಡಗಿದ. ಉರಿದರೆ ಪಾಸು, ಉರಿಯದಿದ್ದರೆ ರಿಜೆಕ್ಟು, ಮಿಣಮಿಣ ಅಂದರೆ ಮರುಪರೀಕ್ಷೆ. ದೀಪದ ಕಾವಿಗೆ ಬೆವರು ಬಂತು. ಬೆವರಿಗೆ ಗೋಂದು ಕರಗಿ ಕಿವಿಯ ಹಿಂದೆ ಸಣ್ಣಗೆ ಹರಿಯಿತು. ಅವನು ಎಡಗೈಯನ್ನು ತಲೆಯ ಮೇಲಿಟ್ಟುಕೊಂಡು ಬಲಗೈಯಲ್ಲೇ ಕೆಲಸ ಮುಂದುವರಿಸಿದ.

"ಸೆಕೆ ಆಗ್ತಿದ್ಯಾ ಅಣ್ಣ?" ಎನ್ನುತ್ತಾ ಅಕ್ಕ ಟೇಬಲ್ ಫ್ಯಾನನ್ನು ಅವನತ್ತ ತಿರುಗಿಸಿದಳು.

"ಬೇಡ! ಬೇಡಮ್ಮ, ಆಫ್ ಮಾಡು!"

"ಗಾಳಿಯಾಡಲಿ ಅಂತ ನೀವೇ ಬರೆಸಿದ್ದೀರಲ್ಲ!"

ಮುಂಗುರುಳು ಗುಬ್ಬಚ್ಚಿಯ ರೆಕ್ಕೆಯಂತೆ ಪಟಪಟ ಎದ್ದಿತು. ಗುಂಗುರಣ್ಣ ಎರಡೂ ಕೈಯಲ್ಲಿ ತಲೆ ಹಿಡಿದು ಮೇಜಿನ ಮೇಲೆ ಕವುಚಿದ. ಅದನ್ನು ಕಂಡ ಸ್ಟೋರ್‌ಕೀಪರು ಓಡಿ ಬಂದ.

"ತಲೆನೋವಾ? ಬಿಡಿ ಕೈ, ನಾನು ಒತ್ತಿಕೊಡ್ತೀನಿ. ನಮ್ಮ ಮಾವನಿಗೆ ದಿನಾ ಒತ್ತೋದು ನಾನೇ."

"ಮುಟ್ಟಬೇಡ್ರಿ! ನಂಗೇನೂ ಆಗಿಲ್ಲ!"

"ಅಯ್ಯೋ, ತಲೆ ಹಿಡ್ಕೊಂಡಿರೋದು ನೋಡಿದ್ರೇ ಗೊತ್ತಾಗುತ್ತೆ" ಎಂದು ಅವನು ಅಂಗಿಯ ತೋಳು ಮಡಚುವಷ್ಟರಲ್ಲಿ ಮ್ಯಾನೇಜರ ಕೋಣೆಯಿಂದ ಕರೆ ಬಂತು. ಬದುಕಿದೆ ಎಂದುಕೊಂಡು ಗುಂಗುರಣ್ಣ ಆ ಕಡೆ ಓಡಿದ.

ಮ್ಯಾನೇಜರ ತಲೆ ಆ ಕಾರ್ಖಾನೆಯಲ್ಲಿ ತಯಾರಾದ ಯಾವ ಬಲ್ಬಿಗೂ ನುಣುಪಿನಲ್ಲಿ ಸೋಲುವಂಥದಲ್ಲ. ಅವರು ಮೇಜಿನ ದೀಪದ ಕೆಳಗೆ ನೆತ್ತಿ ಒಡ್ಡಿ, "ಎಣಿಸ್ರೀ" ಎಂದರು.

ಗುಂಗುರಣ್ಣ ಬಗ್ಗಿ ನೋಡಿದ. ಕಂಡದ್ದು ದೀಪದ ಪ್ರತಿಬಿಂಬವಷ್ಟೇ.

"ಎಷ್ಟಿವೆ?"

"ನೀವೇ ಹೇಳಿ ಸಾರ್."

"ಹನ್ನೊಂದು! ಎರಡು ತಿಂಗಳು ನಿಮ್ಮ ಚೀಟಿ ಪ್ರಕಾರ ತಿಕ್ಕಿದ ಫಲ! ಹೆಂಡ್ತಿ ಮಾತು ಕೇಳದವನು ನಿಮ್ಮ ಮಾತು ಕೇಳಿದೀನಿ ಕಣ್ರೀ." ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಮೇಜಿನ ಮೇಲೆ ನೇಮಕದ ಪತ್ರವಿತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು. ಗುಂಗುರಣ್ಣನಿಗೆ ಕುಣಿಯುವಷ್ಟು ಖುಷಿಯಾಯಿತು.

"ಸಹಿಗೆ ಮುಂಚೆ ಒಂದು ಆಸೆ" ಎಂದರು ಮ್ಯಾನೇಜರು, ಡ್ರಾಯರಿನಿಂದ ಎಣ್ಣೆ ಶೀಸೆ ತೆಗೆಯುತ್ತ. "ಎಲ್ಲರನ್ನೂ ಕರೆದಿದ್ದೀನಿ. ನಿಮ್ಮ ಈ ತಲೆಗೆ ನನ್ನ ಕೈಯಾರೆ ಎಣ್ಣೆ ತಿಕ್ಕಬೇಕು."

ಅಷ್ಟರಲ್ಲಿ ಎಲ್ಲರೂ ಒಳಗೆ ಬಂದರು. ಅಕ್ಕ ಕುರ್ಚಿ ಎಳೆದಳು. ಸ್ಟೋರ್‌ಕೀಪರು ಭುಜ ಹಿಡಿದು ಕೂರಿಸಿದ. "ಸಾರ್, ಇವತ್ತು ಬೇಡ ಸಾರ್, ನೆಗಡಿ ಸಾರ್" ಎಂಬ ಕೂಗನ್ನು ವಿನಯವೆಂದೇ ಎಲ್ಲರೂ ತಿಳಿದರು. ಮ್ಯಾನೇಜರು ಧಾರಾಳವಾಗಿ ಎಣ್ಣೆ ಸುರಿದು, ಬೆರಳ ತುದಿ ಊರಿ ಒಂದು ಸುತ್ತು ತಿಕ್ಕಿದರು. ಎರಡನೆಯ ಸುತ್ತಿಗೆ ಗುಂಗುರು ಕೂದಲು ಶೀಸೆಯ ಮುಚ್ಚಳದಂತೆ ತಿರುಗಿ, ಹಣೆಯ ಸುರುಳಿ ಕಿವಿಯ ಮೇಲೆ ಬಂತು. ಮೂರನೆಯದಕ್ಕೆ ಪೂರಾ ಕೈಗೇ ಬಂತು.

ಎಣ್ಣೆ ತೊಟ್ಟಿಕ್ಕುತ್ತಿದ್ದ ವಿಗ್ಗನ್ನು ಮ್ಯಾನೇಜರು ಅಂಗೈಯಲ್ಲಿ ಮಗುಚಿ ನೋಡಿದರು.

"ಅಣ್ಣಾ!" ಎಂದಳು ಅಕ್ಕ, ಯಾರೋ ಹೋಗಿಬಿಟ್ಟರೆಂಬ ದನಿಯಲ್ಲಿ.

"ಸಾರ್, ಚೀಟೀಲಿರೋದು ಸುಳ್ಳಲ್ಲ ಸಾರ್. ನಾನು ಮಾತ್ರ ಅದನ್ನ ಮಾಡ್ಲಿಲ್ಲ" ಎಂದು ಗುಂಗುರಣ್ಣ ಅಳುದನಿಯಲ್ಲಿ ಹೇಳಿದ.

ಮ್ಯಾನೇಜರು ರೇಗಲಿಲ್ಲ. ರೇಗಿದ್ದರೇ ಚೆನ್ನಾಗಿತ್ತು. "ಸುಳ್ಳು ಹೇಗಾಗುತ್ರೀ? ನಂಗೆ ಹನ್ನೊಂದು ಬಂದಿವೆಯಲ್ಲ. ನನ್ನ ದುಃಖ ಅದಲ್ಲ. ಉರಿಸಿ ನೋಡದೇ ಒಂದು ಬಲ್ಬೂ ಹೊರಗೆ ಹೋಗಬಾರದು ಅಂತ ನಿಮ್ಮನ್ನ ಆ ಮೇಜಲ್ಲಿ ಕೂರಿಸಿದ್ದೀವಿ. ನೀವು ಚೀಟೀನ ಸ್ವಂತ ತಲೇಲಿ ಪರೀಕ್ಷೆ ಮಾಡದೇ ಇಡೀ ಕಾರ್ಖಾನೆಗೆ ಪಾಸ್ ಮಾಡಿಬಿಟ್ರಿ!"

ಅವರು ಪೆನ್ನಿನ ಮುಚ್ಚಳ ಹಾಕಿ, ಗುಂಗುರಣ್ಣನ ಮೇಜಿನಿಂದಲೇ ಠಸ್ಸೆ ತರಿಸಿ, ನೇಮಕದ ಪತ್ರದ ನಡುಮಧ್ಯೆ ಒತ್ತಿದರು: ಮರುಪರೀಕ್ಷೆ.

"ಇನ್ನೂ ಆರು ತಿಂಗಳು. ಚೀಟೀಲಿರೋದೆಲ್ಲ ಮಾಡಿ. ದಿನಾ ಬೆಳಿಗ್ಗೆ ಈ ದೀಪದ ಕೆಳಗೆ ನಾನೇ ಎಣಿಸ್ತೀನಿ. ಐದಾದ್ರೂ ಬಂದರೆ ಸಹಿ. ಇದು ಇಲ್ಲೇ ಇರಲಿ, ನೆತ್ತಿಗೆ ಗಾಳಿಯಾಡಬೇಕಲ್ಲ" ಎಂದು ವಿಗ್ಗನ್ನು ಡ್ರಾಯರಿಗೆ ಹಾಕಿ ಬೀಗ ಜಡಿದರು.

ಸಂಜೆ ಗೇಟಿನವರೆಗೆ ಹೋದ ಮೇಲೆ ಗುಂಗುರಣ್ಣನಿಗೆ ಊಟದ ಡಬ್ಬಿ ಮರೆತದ್ದು ನೆನಪಾಯಿತು. ಹಿಂದಿರುಗಿ ಬಂದ. ಮ್ಯಾನೇಜರ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕನ್ನಡಿಯ ಮುಂದೆ ಅವರು ನಿಂತಿದ್ದರು. ತಲೆಯ ಮೇಲೆ ಅವನ ವಿಗ್. ಹಣೆಯ ಸುರುಳಿಯನ್ನು ಕಿರುಬೆರಳಿಂದ ಮೆಲ್ಲಗೆ ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ ನೋಡುತ್ತಿದ್ದರು. ಅವನನ್ನು ಕನ್ನಡಿಯಲ್ಲೇ ಕಂಡರು. ಮುಖ ಒಂಚೂರೂ ಕದಲಲಿಲ್ಲ.

"ಬಂದ್ರಾ? ಒಳ್ಳೇದಾಯ್ತು. ಇದನ್ನ ಯಾವುದರಲ್ಲಿ ಅಂಟಿಸ್ತೀರ್ರೀ?"

ಗುಂಗುರಣ್ಣ ಬರಿ ನೆತ್ತಿ ಸವರಿಕೊಂಡ.

"ಎರಡೂ ಕಡೆ ಅಂಟೋ ಟೇಪು ಸಾರ್. ತುಂಬ ಗಟ್ಟಿ. ಎರಡು ಟವೆಲ್ ಹಾಕಿದ್ರೂ ಬೀಳಲ್ಲ."

"ಹಾಗಾದ್ರೆ ನಾಳೆ ಬರ್ತಾ ಒಂದು ಸುರುಳಿ ತನ್ನಿ" ಎಂದರು ಮ್ಯಾನೇಜರು. "ಮತ್ತೆ ಹತ್ತು ನಿಮಿಷ ಮುಂಚೆ ಬನ್ನಿ, ನಿಮ್ಮ ತಲೆ ಎಣಿಸಬೇಕು."