ಮೂರರಲ್ಲಿ ಎರಡು ಪಾಲು ಆಕಾಶ

ಈ ವರ್ಷ ತಾಲೂಕಿಗೆ ತಾಲೂಕೇ ಬೆರಗಾಗುವಂಥ ಫೋಟೋ ಒಂದನ್ನು ತೆಗೆದೇ ತೀರುತ್ತೇನೆ ಎಂದು ಶಪಥ ಮಾಡಿದ್ದೆ! ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ ಸಣ್ಣದೇನಲ್ಲ: ಮೂರರಲ್ಲಿ ಎರಡು ಪಾಲು ಆಕಾಶ, ಒಂದು ಪಾಲು ನೆಲ, ಬದಿಗೊಂದು ಬೇವಿನ ಮರ. ನೋಡಿದವರು ಮೈಮರೆಯಲೇಬೇಕು.

ತೊಗರಿ ರಾಶಿಯಾಗಿ ಬರಿದಾಗಿದ್ದ ಗೊಬ್ಬೂರಿನ ನಮ್ಮ ಹೊಲದಲ್ಲಿ, ಎಮ್ಮೆಯನ್ನು ಚಿತ್ರಕ್ಕೆ ಬೀಳದಂತೆ ದೂರ ಕಟ್ಟಿ, ಮೊಣಕಾಲೂರಿ ಕೂತೆ. ಹೆಂಡತಿ ವಿಜಯಶ್ರೀ ಬುತ್ತಿ ಹೊತ್ತು ಸರಿಯಾಗಿ ಎದುರಿಗೇ ಬಂದಳು.

“ಏ, ಬಾಜೂಕ ಸರಿ! ಚಿತ್ರ ಕೆಡ್ತದ.”

“ಮಂದಿನೇ ಇಲ್ಲದ ಹೊಲ ಯಾರು ನೋಡ್ತಾರ್ರಿ?”

“ನಿನಗ ತಿಳ್ಯಾಂಗಿಲ್ಲ. ಖಾಲಿ ಜಾಗಾನೇ ಮಾತಾಡ್ತದ!”

ಮಾತಾಡಿತು ನೋಡಿ! ಊರಿನ ವಾಟ್ಸಾಪ್ ಗುಂಪಿಗೆ ಹಾಕಿ ಕೈ ತೊಳೆಯುವಷ್ಟರಲ್ಲಿ ಫೋನ್ ಬಂತು. ಹೊಗಳಿಕೆಯೇ ಇರಬೇಕೆಂದು ಗಂಟಲು ಸರಿಮಾಡಿಕೊಂಡೆ.

“ಎಷ್ಟ ಎಕರೆ ಅದರಿ? ರೇಟ್ ಹೇಳ್ರಿ.”

ನಮ್ಮ ಕಡೆ ಬರೀ ಹೊಲದ ಫೋಟೋ ಗುಂಪಿಗೆ ಬಂತೆಂದರೆ ಹೊಲ ಮಾರಾಟಕ್ಕಿದೆ ಎಂದೇ ಅರ್ಥ. ಇದನ್ನು ಯಾವ ಪಾಠದಲ್ಲೂ ಹೇಳಿರಲಿಲ್ಲ! ಗೆಳೆಯ ರಸೂಲ ನನಗೆ ಉಪಕಾರವಾಗಲೆಂದು ಅದನ್ನು ಆಳಂದ, ಜೇವರ್ಗಿಯ ಗುಂಪುಗಳಿಗೂ ದಾಟಿಸಿದ್ದ. ಮಧ್ಯಾಹ್ನದೊಳಗೆ ಇಬ್ಬರು ಟೇಪು ಹಿಡಿದು ಹೊಲಕ್ಕೇ ಬಂದರು!

ಅವರ ಹಿಂದೆಯೇ ಅಣ್ಣ ಜಗದೇವ. ಬದುವಿನ ಜಗಳವಾಗಿ ಎರಡು ವರ್ಷ ನನ್ನ ಮುಖ ನೋಡಿರದವನು ಫೋಟೋ ನೋಡಿ ಅಫಜಲಪುರದಿಂದ ಬಸ್ಸು ಹಿಡಿದು ಬಂದಿದ್ದ. ಇವತ್ತು ಏಟು ಗ್ಯಾರಂಟಿ ಎಂದುಕೊಂಡೆ.

“ಲೇ, ಅಪ್ಪನ ಹೊಲ ಮಾರಾಕ ನನಗ ಒಂದ ಮಾತು ಕೇಳಬಾರದೇನು? ಏನರೆ ಕಷ್ಟ ಅದನೋ? ಹೇಳಲೇ!”

ಅವನ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ.

“ಅಣ್ಣಾ, ಮಾರಾಕತ್ತಿಲ್ಲೋ. ಅದು ಕಲೆ!”

“ಕಲೆನೋ ಹುಣಸಿಕಾಯೋ!”

ವಿಜಯಶ್ರೀ ಟೇಪಿನವರನ್ನು ಸಾಗಹಾಕಿ, ಬುತ್ತಿ ಬಿಚ್ಚಿ ಇಬ್ಬರಿಗೂ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಆಮೇಲೆ ನನ್ನ ಮೊಬೈಲು ಕಸಿದುಕೊಂಡಳು.

“ಇಬ್ಬರೂ ನಡುವ ನಿಂದರ್ರಿ. ಎಮ್ಮಿನೂ ಬರ್ಲಿ.”

ಆಕಾಶ ಸೊಟ್ಟ, ಮರ ಅರ್ಧ, ನನ್ನ ಒಂದು ಕಿವಿ ಮಾಯ, ಎಮ್ಮೆ ನಟ್ಟನಡುವೆ! ಪಾಠದ ಪ್ರಕಾರ ದುಂಡು ಸೊನ್ನೆ. ಗುಂಪಿಗೆ ಹಾಕಿದ್ದೇ ತಡ, “ಅಣ್ಣ ತಮ್ಮ ಒಂದಾದ್ರು” ಎಂದು ಊರಿಗೆ ಊರೇ ಹಾರ್ಟು ಒತ್ತಿತು. ಹೊಲ ಕೇಳುವ ಫೋನುಗಳೂ ನಿಂತವು.

ಉಸ್ಸಪ್ಪಾ ಅನ್ನುವಷ್ಟರಲ್ಲಿ ಮತ್ತೊಂದು ಬಂತು.

“ಹೊಲ ಇರ್ಲಿ ಬಿಡ್ರಿ. ಆ ಎಮ್ಮಿ ರೇಟ್ ಎಷ್ಟ್ರಿ?”

ಅಣ್ಣ ನನ್ನ ಕೈಯಿಂದ ಫೋನ್ ಕಿತ್ತುಕೊಂಡ.

“ಎಮ್ಮಿ ಕೊಡಂಗಿಲ್ರಿ. ಬೇಕಂದ್ರ ಅದರ ಬಾಜೂಕ ಒಂದ ಕಿವಿಯಾಂವ ನಿಂತಾನಲ್ಲ, ಅವನ್ನ ಒಯ್ರಿ. ಪುಕ್ಕಟೆ!”