ನಡು ತುಂಬದ ಮಂಡಲ

ಗಣಕಯಂತ್ರವನ್ನು ಕಲಿತವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಅದರ ಮುಂದೆ ಹಗಲೆಲ್ಲ ಕುಳಿತು ಬರೆದದ್ದನ್ನು ಸಂಜೆ ಕೈಮುಗಿದು, ಕಣ್ಣುಮುಚ್ಚಿ, ಒಂದು ಗೆರೆಯೂ ಉಳಿಯದಂತೆ ಅಳಿಸಿ ಮನೆಗೆ ಹೋದವರು ಯಾರಾದರೂ ಇದ್ದಾರೆಯೆ? ಇದ್ದಾರೆ. ನಮ್ಮ ಅಕ್ಕ! ಒಂದು ದಿನವಲ್ಲ, ಎರಡು ದಿನವಲ್ಲ, ಒಂದು ಚಾತುರ್ಮಾಸ ಪೂರ್ತಿ ಆಕೆ ಹೀಗೆ ಮಾಡಿದಳು. ಕಲಿಸಿದವನು ಹುಚ್ಚನಾಗದೆ ಉಳಿದದ್ದು ಅವನ ಪೂರ್ವಜನ್ಮದ ಪುಣ್ಯ.

ಅಕ್ಕನನ್ನು ನಿಪ್ಪಾಣಿಗೆ ಕೊಟ್ಟಿತ್ತು. ನಾನು ಚಿಕ್ಕೋಡಿಯ ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಆಕೆಗೆ ಓದು ಅಷ್ಟಕ್ಕಷ್ಟೆ. ಆದರೆ ಬಸದಿಯಲ್ಲಿ ಆರಾಧನೆಯೆಂದರೆ ನಾನು ಬಾಯಿಂದ ಶ್ಲೋಕ ಹೇಳುವವನು, ಆಕೆ ಬೆರಳಿನಿಂದ ಮಂಡಲ ಹೇಳುವವಳು. ನೆಲದ ಮೇಲೆ ಐದು ಬಣ್ಣದ ಪುಡಿಯಲ್ಲಿ ಅರಳುವ ಕಮಲ ಅದು. ಒಳಸುತ್ತಿನಲ್ಲಿ ಎಂಟು ದಳ, ಅದರಾಚೆ ಹದಿನಾರು, ಮತ್ತೆ ಮೂವತ್ತೆರಡು, ಕಡೆಗೆ ಅರವತ್ತನಾಲ್ಕು. ಎಲ್ಲ ಮುಗಿದ ಮೇಲೆ, ಪೂಜೆಗೆ ಮೊದಲು, ನಡುವಿನ ಕರ್ಣಿಕೆಗೆ ಹಳದಿ ಪುಡಿ. ಅದು ತುಂಬಿದಾಗಲೇ ಮಂಡಲ ಎಚ್ಚರಗೊಂಡಂತೆ. ಪೂಜೆಯಾದ ದಿನವೇ, ಹೊತ್ತು ಮುಳುಗುವ ಮುನ್ನ, ಅದನ್ನು ಅಳಿಸಿಬಿಡಬೇಕು. ಇದು ವಿಸರ್ಜನೆ. ನಮ್ಮ ಅವ್ವ ಹಾಗೆ ಅಳಿಸಿದಳು, ಅವಳ ಅವ್ವ ಹಾಗೆ ಅಳಿಸಿದಳು. ಹೀಗಾಗಿ ಯಾರ ಮಂಡಲವೂ ಎಲ್ಲಿಯೂ ಉಳಿದಿಲ್ಲ. ಅಳತೆಯೆಲ್ಲ ಅಕ್ಕನ ಬೆರಳ ತುದಿಯಲ್ಲಿ.

ಅರವತ್ತು ದಾಟಿದ ಮೇಲೆ ಅಕ್ಕನ ಮೊಣಕಾಲುಗಳು ಮುಷ್ಕರ ಹೂಡಿದವು. ನೆಲಕ್ಕೆ ಕೂಡ್ರಬಾರದೆಂದು ವೈದ್ಯರ ಅಪ್ಪಣೆಯಾಯಿತು. ಸೊಸೆಯಂದಿರಿಬ್ಬರೂ ಬಣ್ಣ ತುಂಬುವುದರಲ್ಲಿ ಜಾಣೆಯರು. ಗೆರೆ ಮಾತ್ರ ಅವರ ಕೈಗೆ ಹತ್ತಲಿಲ್ಲ. ಮುಂದಿನ ಆರಾಧನೆಯ ಹೊತ್ತಿಗೆ ನಮ್ಮ ಮನೆತನದ ಮಂಡಲ ಇರುವುದೋ ಇಲ್ಲವೋ ಎಂಬ ಚಿಂತೆ ಅಕ್ಕನಿಗಿಂತ ನನಗೇ ಹೆಚ್ಚಾಯಿತು.

ಅದೇ ವರ್ಷ ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲು ಅಕ್ಕ ಒಂದು ಡಿಟಿಪಿ ಅಂಗಡಿಗೆ ಹೋದಳು. ಕೆಳಗೆ ತಂಬಾಕು ತುಂಬಿಡುವ ವಖಾರಿ, ಮೇಲೆ ಆ ಅಂಗಡಿ. ಮೆಟ್ಟಿಲು ಹತ್ತುವುದರೊಳಗೆ ನಾಲ್ಕು ಸೀನು ಖಚಿತ. ಮಾಲೀಕ ನಲವತ್ತು ದಾಟಿದ, ಮನೆಯಲ್ಲಿ ಮರಾಠಿ ಮಾತಾಡುವ ಸಜ್ಜನ. ಅವನು ಪರದೆಯ ಮೇಲೆ ಒಂದು ಗೆರೆಯ ಎರಡು ತುದಿ ಹಿಡಿದು ಬಗ್ಗಿಸಿ ಕಮಲದ ಎಸಳು ಮಾಡಿದ್ದನ್ನು ಅಕ್ಕ ಕಂಡಳು. ಕುರ್ಚಿಯ ಮೇಲೆ ಕುಳಿತಿದ್ದ ಅವನ ಮೊಣಕಾಲುಗಳನ್ನೂ ಕಂಡಳು. ಮರುದಿನ ಮಿಂದು ಮಡಿಯುಟ್ಟು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು.

ಮೊದಲ ದಿನದ ಪಾಠ ಅರ್ಧ ತಾಸು ತಡವಾಗಿ ಆರಂಭವಾಯಿತು. ಕಾರಣ, ಇರುವೆ! ಮಾಲೀಕನಿಗೆ ಬಿಸ್ಕೀಟು ತಿನ್ನುತ್ತ ಕೆಲಸ ಮಾಡುವ ಅಭ್ಯಾಸ. ಕೀಲಿಮಣೆಯ ಸಂದುಗಳಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಒಂದು ಅಕ್ಷರ ಒತ್ತಿದರೆ ಕೆಳಗೆ ಎಷ್ಟು ಜೀವಗಳಿಗೆ ಬಾಧೆಯೋ! ಅಕ್ಕ ಮೃದುವಾದ ಕುಂಚವೊಂದರಿಂದ ಅವನ್ನೆಲ್ಲ ಕಿಟಕಿಯ ಕಡೆಗೆ ಬೀಳ್ಕೊಟ್ಟಳು. ಕಡೆಯ ಇರುವೆ ಕಿಟಕಿ ದಾಟುವವರೆಗೆ ಮಾಲೀಕನನ್ನೂ ಕೈಕಟ್ಟಿ ಕೂಡ್ರಿಸಿದಳು. ಅಂದಿನಿಂದ ಆ ಅಂಗಡಿಯಲ್ಲಿ ಬಿಸ್ಕೀಟು ನಿಷಿದ್ಧ.

ಎರಡನೆಯ ವಾರದಲ್ಲಿ ಗುರುಶಿಷ್ಯರಿಗೆ ಸಿದ್ಧಾಂತದ ಭೇದ ತಲೆದೋರಿತು. ಒಂದು ದಳ ಬರೆದರೆ ಸಾಕು, ಯಂತ್ರ ಅದನ್ನು ಸುತ್ತಿಸಿ ಸುತ್ತಿಸಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಅರವತ್ತನಾಲ್ಕು ಮಾಡುತ್ತದೆ ಎಂದು ಮಾಲೀಕ ಹೆಮ್ಮೆಯಿಂದ ತೋರಿಸಿದ. ಅಕ್ಕ ಕನ್ನಡಕ ತೆಗೆದಳು.

“ಒಬ್ಬಾಕಿ ಉಪಾಸ ಮಾಡಿ ಓಣಿ ಮಂದಿಗೆಲ್ಲಾ ಪುಣ್ಯ ಕಾಪಿ ಹೊಡದ್ರ ನಡೀತೈತೇನಪಾ?”

ಒಂದೊಂದು ದಳಕ್ಕೂ ಒಂದೊಂದು ಮಂತ್ರವುಂಟು. ನಕಲಿನ ದಳಕ್ಕೆ ಮಂತ್ರ ಹೇಳಿದವರು ಯಾರು? ಅಕ್ಕ ನೂರಿಪ್ಪತ್ತು ದಳಗಳನ್ನೂ ಒಂದೊಂದಾಗಿ ತುಟಿಯಲ್ಲಿ ಗುನುಗುತ್ತ ಬರೆದಳು. ಬಣ್ಣದ ವಿಷಯದಲ್ಲಿಯೂ ಹಾಗೆಯೇ. ಇದರೊಳಗೆ ಲಕ್ಷಗಟ್ಟಲೆ ಬಣ್ಣಗಳಿವೆಯೆಂದು ಅವನು ಪೆಟ್ಟಿಗೆ ಬಿಚ್ಚಿದರೆ, ಐದನ್ನು ಆರಿಸಿಕೊಂಡು ಉಳಿದದ್ದನ್ನು ಮುಚ್ಚಿಡಲು ಹೇಳಿದಳು.

ನಾನು ಆಗಾಗ ಕೆಂಪು ಬಸ್ಸು ಹತ್ತಿ ಹೋಗಿ ಆಕೆಯ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಒಮ್ಮೆ ಮಾಲೀಕ ಚಿತ್ರದಲ್ಲಿ ಎರಡು ಬಗೆಯೆಂದು ತಿಳಿಸಿದ. ಒಂದು ಫೋಟೋದಂತೆ ಚುಕ್ಕೆಗಳಿಂದಾದದ್ದು, ಹಿಗ್ಗಿಸಿದರೆ ಕಲಸಿಹೋಗುತ್ತದೆ. ಇನ್ನೊಂದು ಗೆರೆಯದು. ಅದನ್ನು ಸಾಸಿವೆಯಷ್ಟು ಮಾಡಿದರೂ, ಬಸದಿಯ ಗೋಡೆಯಷ್ಟು ಮಾಡಿದರೂ ಅಂಚು ಕೆಡುವುದಿಲ್ಲ. ಹಾಗೆಂದು ಅಕ್ಕನ ಒಂದು ದಳವನ್ನು ಹಿಗ್ಗಿಸುತ್ತ ಹೋದ. ದಳದ ಅಂಚು ಹೊಳೆಯ ತಿರುವಾಯಿತು, ಆಮೇಲೆ ಬೆಟ್ಟದ ಬೆನ್ನಾಯಿತು, ಆಮೇಲೆ ಪರದೆಯ ತುಂಬ ಹಳದಿಯೊಂದೇ ಆಯಿತು. ನನಗೆ ರೋಮಾಂಚನ! ಇರುವೆಯ ದೇಹದಲ್ಲಿ ಇರುವೆಯಷ್ಟಾಗಿ, ಆನೆಯ ದೇಹದಲ್ಲಿ ಆನೆಯಷ್ಟಾಗಿ ಜೀವ ತುಂಬಿಕೊಳ್ಳುತ್ತದೆಂದು, ಗಡಿಗೆಯಲ್ಲಿಟ್ಟರೆ ಗಡಿಗೆಯನ್ನೂ ಕೋಣೆಯಲ್ಲಿಟ್ಟರೆ ಕೋಣೆಯನ್ನೂ ಬೆಳಗುವ ದೀಪದ ಉಪಮೆ ಕೊಟ್ಟು ನಾನು ಎಷ್ಟು ವರ್ಷ ಪಾಠ ಹೇಳಿದ್ದೆ! ಆ ದಿನ ಅದನ್ನು ಕಣ್ಣಾರೆ ಕಂಡೆ, ಅದೂ ತಂಬಾಕಿನ ವಖಾರಿಯ ಮೇಲೆ. ಅಕ್ಕನೂ ನಾನೂ ಆ ಹಳದಿಯೊಳಗೆ ಎಷ್ಟು ಹೊತ್ತು ತೇಲಿದೆವೋ ತಿಳಿಯದು. ಮಾಲೀಕನೇ ಕೆಮ್ಮಿ ನಮ್ಮನ್ನು ಭೂಮಿಗಿಳಿಸಿದ.

ಚುಕ್ಕೆಯ ಚಿತ್ರದ ಪಾಠಕ್ಕೆಂದು ಅಕ್ಕ ಒಂದು ಹಳೆಯ ಫೋಟೋ ತಂದಳು. ನಮ್ಮ ಬಾಲ್ಯದಲ್ಲಿ ಊರಿಗೆ ಮುನಿಗಳು ಬಂದಾಗ ಮಿರಜಿನ ಫೋಟೋದವನೊಬ್ಬ ತೆಗೆದದ್ದು. ಮುನಿಗಳ ಹಿಂದೆ ಅವ್ವ ಬರೆದ ಮಂಡಲದ ಒಂದು ಮೂಲೆ ಮಸುಕಾಗಿ ಕಾಣುತ್ತದೆ. ಆ ಮೂಲೆಯ ದಳದ ಮೇಲೆ ಒಂದು ಪುಟ್ಟ ಪಾದ. ಮಾಲೀಕ ಫೋಟೋವನ್ನು ಯಂತ್ರಕ್ಕೆ ಉಣಿಸಿ, ಬಿರುಕು ಮುಚ್ಚಿ, ಕಲೆ ತೊಳೆದು, ಪಕ್ಕದ ದಳದಿಂದ ಚೂರುಚೂರೇ ತಂದು ಮೆತ್ತಿ ಆ ಪಾದವನ್ನೂ ಮಾಯಮಾಡಿದ. ಪಾದವಿತ್ತೆಂದು ಆಣೆ ಮಾಡಿದರೂ ಯಾರೂ ನಂಬುವಂತಿರಲಿಲ್ಲ.

“ಕಾಲ ಎಲ್ಲಿ ಹೋತು?” ಎಂದಳು ಅಕ್ಕ.

“ಎಸಳ ಕೆಡಿಸಿತ್ತಲ್ರಿ ಮಾವಶಿ. ತಗದೆ.”

“ಅದು ನನ್ನ ತಮ್ಮನ ಕಾಲಪಾ. ತಂದ ಇಡು.”

ಅವನು ನನ್ನ ಪಾದಗಳನ್ನೊಮ್ಮೆ ನೋಡಿದ. ನಾನು ಅವನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ. ಮಾಡಿದ್ದನ್ನು ಹಿಂದಕ್ಕೆ ತರುವ ಕೀಲಿಯನ್ನು ಒತ್ತಿದ ಹಾಗೆಲ್ಲ ಪಾದ ಬೆರಳುಬೆರಳಾಗಿ ಮರಳಿತು. ಅವ್ವ ಹೋಗಿ ಮೂವತ್ತು ವರ್ಷಗಳಾಗಿದ್ದವು. ನಾನು ತುಳಿದ ದಿನ ಅವಳು ಬಯ್ದಿದ್ದಳೋ ಇಲ್ಲವೋ, ಆ ಕೀಲಿ ಅಷ್ಟನ್ನು ಹೇಳಲಿಲ್ಲ.

ಇಷ್ಟೆಲ್ಲ ಕಲಿತರೂ ಸಂಜೆಯ ಕಥೆ ಮಾತ್ರ ಬದಲಾಗಲಿಲ್ಲ. ಮಂಡಲ ಮುಗಿಯುತ್ತಿತ್ತು. ಅಕ್ಕ ಕರ್ಣಿಕೆಗೆ ಹಳದಿ ತುಂಬುತ್ತಿದ್ದಳು, ಕೈಮುಗಿಯುತ್ತಿದ್ದಳು, ಎಲ್ಲವನ್ನೂ ಅಳಿಸುತ್ತಿದ್ದಳು, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಸೇರುತ್ತಿದ್ದಳು. ಮಾಲೀಕ ಪಕ್ಕದಲ್ಲಿ ನಿಂತು ಸೇವ್ ಮಾಡ್ರಿ, ಸೇವ್ ಮಾಡ್ರಿ ಎಂದು ಜಪಿಸಿದ್ದೇ ಬಂತು. ಒಮ್ಮೆ ನಡುವೆ ವಿದ್ಯುತ್ತು ಹೋಗಿ ಬರೆದದ್ದೆಲ್ಲ ಅಳಿದಾಗ ಅವನು ತಲೆಯ ಮೇಲೆ ಕೈಹೊತ್ತು ಕುಳಿತ. ಅಕ್ಕ ಕತ್ತಲಾದ ಪರದೆಗೆ ನಮಸ್ಕರಿಸಿ, ವಿಸರ್ಜನೆ ಇಂದು ತಾನಾಗಿ ಆಯಿತೆಂದು ಚಪ್ಪಲಿ ಮೆಟ್ಟಿದಳು!

ಕಡೆಗೆ ಅವನು ನನಗೆ ಮೊರೆಯಿಟ್ಟ. “ಗುರೂಜಿ, ನೀವ ಹೇಳ್ರಿ. ಇವರ ಕೈ ನಿಂತ್ರ ಇದು ಮುಗೀತು.”

ಅವನ ಮಾತು ನನ್ನ ಎದೆಗೆ ನಾಟಿತು. ಶ್ರಾವಣದಿಂದೀಚೆಗೆ ಅಕ್ಕನ ಬೆರಳುಗಳೂ ನಡುಗತೊಡಗಿದ್ದವು. ಮನೆಯಲ್ಲಿದ್ದ ಗ್ರಂಥಗಳನ್ನೆಲ್ಲ ಹರವಿಕೊಂಡು ಕುಳಿತೆ. ಮಂಡಲದ ಅಳತೆಗೆ, ಬಣ್ಣಕ್ಕೆ, ವಿಸರ್ಜನೆಗೆ ವಿಧಿಗಳಿದ್ದವು. ಗಣಕಯಂತ್ರದಲ್ಲಿ ಉಳಿಸಬಹುದೆಂಬ ವಿಧಿ ಮಾತ್ರ ಪೂರ್ವಾಚಾರ್ಯರಿಗೆ ಹೊಳೆದಿರಲಿಲ್ಲ. ಆದರೂ ಹೋಗಿ ಒಂದು ತಾಸು ಉಪನ್ಯಾಸ ಮಾಡಿದೆ. ಉಳಿಯುವ ದ್ರವ್ಯ ಯಾವುದು, ಅಳಿಯುವ ಪರ್ಯಾಯ, ಎಂದರೆ ಅದರ ರೂಪ, ಯಾವುದು! ಅಕ್ಕ ಎಲ್ಲವನ್ನೂ ತಲೆದೂಗುತ್ತ ಕೇಳಿದಳು. ಮುಗಿದ ಮೇಲೆ ಅಂದಿನ ಮಂಡಲವನ್ನು ನನ್ನ ಕಣ್ಣೆದುರೇ ಅಳಿಸಿ, ಊಟಕ್ಕೆ ನಡೆಯೆಂದಳು.

ಎಂಟು ದಿನಗಳ ಮೇಲೆ ಮಾಲೀಕ ಪಕ್ಕದ ಅಂಗಡಿಯ ಫೋನಿನಿಂದ ನನ್ನನ್ನು ಕರೆಸಿಕೊಂಡ. ಹೋಗಿ ನೋಡಿದರೆ ಪರದೆಯ ಮುಂದೆ ಅಕ್ಕ, ಪರದೆಯ ಮೇಲೆ ಮಂಡಲ. ಹಿಂದಿನ ದಿನದ್ದು! ನೂರಿಪ್ಪತ್ತು ದಳಗಳೂ ನೆಟ್ಟಗಿದ್ದವು. ನಡುವೆ ಮಾತ್ರ ಬೆಳ್ಳಗಿನ ಒಂದು ಬಯಲು.

“ಅಕ್ಕಾ, ಅಳಸಲಿಲ್ಲ?”

“ನಡು ತುಂಬಿದ್ರ ಪೂಜಿ. ಪೂಜಿ ಆದ್ರ ವಿಸರ್ಜನ. ನಡು ತುಂಬಿಲ್ಲ ನೋಡು. ಇದು ಇನ್ನೂ ಬರಿಯಾಕತ್ತೇನಿ.”

ಗ್ರಂಥಗಳೆಲ್ಲ ನನ್ನ ಮನೆಯಲ್ಲಿದ್ದವು. ದಾರಿ ಆಕೆಗೆ ಸಿಕ್ಕಿತ್ತು.

ಮರುವರ್ಷದ ಆರಾಧನೆಗೆ ಮಾಲೀಕನೂ ಅವನ ಹೆಂಡತಿಯೂ ಮಂಡಲವನ್ನು ದೊಡ್ಡ ಕಾಗದಗಳಲ್ಲಿ ಮೂಡಿಸಿ ಸುರುಳಿ ಸುತ್ತಿ ತಂದರು. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದಗಳನ್ನು ಬಸದಿಯ ನೆಲಕ್ಕೆ ಹಾಸಿ, ಮೇಲೆ ಬಿಳಿಪುಡಿ ಸವರಿ ಎತ್ತಿದರೆ ಕೆಳಗೆ ಅಕ್ಕನ ಗೆರೆಗಳೇ ಮಲಗಿದ್ದವು. ಸೊಸೆಯಂದಿರು ಬಣ್ಣ ತುಂಬಿದರು. ಅಕ್ಕ ಕಂಬದ ಬಳಿ ಸ್ಟೂಲಿನ ಮೇಲೆ ಕುಳಿತು ಊರುಗೋಲಿನಿಂದ ಇಲ್ಲಿ, ಅಲ್ಲಿ ಎಂದು ತೋರಿಸಿದಳು. ನಡು ಒಂದೇ ಉಳಿಯಿತು. ಎಲ್ಲರೂ ಅಕ್ಕನ ಕಡೆಗೆ ನೋಡಿದರು. ಅಕ್ಕ ನನ್ನ ಕಡೆಗೆ ನೋಡಿದಳು.

“ನೀ ತುಂಬು, ತಮ್ಮಾ.”

“ನನಗ ಬರೂದಿಲ್ಲಕ್ಕಾ.”

“ಉಳಸು ಉಳಸು ಅಂತ ಬೆನ್ನ ಹತ್ತಿದವ ನೀನ. ಕೂಡು.”

ಹಳದಿ ಪುಡಿಯನ್ನು ಅಂಗೈಯಲ್ಲಿ ಹಿಡಿದು ಆಕೆಯ ಬಳಿಗೊಯ್ದೆ. ನಡುಗುವ ಮೂರು ಬೆರಳಿನಿಂದ ಒಂದು ಚಿಟಿಕೆ ಎತ್ತಿ, ಕಣ್ಣುಮುಚ್ಚಿ, ಮತ್ತೆ ನನ್ನ ಅಂಗೈಗೇ ಬಿಟ್ಟಳು. ಮಂಡಲದ ಬಳಿ ಬಾಗಿ ಕುಳಿತೆ. ಜೀವಮಾನವೆಲ್ಲ ಪುಟ ತಿರುವಿದ ಕೈ! ವೃತ್ತ ಒಂದು ಬದಿಗೆ ಮೊಳಕೆಯೊಡೆದ ಕಾಳಿನಂತೆ ಉಬ್ಬಿಕೊಂಡಿತು. ಹಿಂದಕ್ಕೆ ತರುವ ಕೀಲಿಗಾಗಿ ಅತ್ತಿತ್ತ ನೋಡಿದೆನೆಂದರೆ ನಗಬೇಡಿ.

“ಇರ್ಲಿ ಬಿಡು. ಅವ್ವನ ಮಂಡಲದಾಗ ಕಾಲಿಟ್ಟಿದ್ದಿ, ನನ್ನದರಾಗ ಕೈ ಇಟ್ಟಿ. ಹೆಂಗೂ ಸಂಜೀಕ ಅಳಸೂದ ಐತಲ್ಲ,” ಎಂದಳು ಅಕ್ಕ.

ಪೂಜೆ ಸಾಂಗವಾಗಿ ನಡೆಯಿತು. ಬಿಸಿಲು ಬಾಗಿದಾಗ ಅಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಹೊರಗಿನ ಅರವತ್ತನಾಲ್ಕು ಅಳಿಸಿದೆ, ಮೂವತ್ತೆರಡು ಅಳಿಸಿದೆ, ಹದಿನಾರು, ಎಂಟು. ಆ ಸೊಟ್ಟ ಹಳದಿಯ ಮುಂದೆ ಬಂದಾಗ ಕೈ ಮೇಲೇಳಲಿಲ್ಲ. ಯಂತ್ರದೊಳಗಿನ ಮಂಡಲದಲ್ಲಿ ದಳಗಳೆಲ್ಲ ಇದ್ದವು. ಇದೊಂದು ಮಾತ್ರ ಅಲ್ಲಿ ಇರಲಿಲ್ಲ.

“ಅಳಸೋ,” ಎಂದಳು ಅಕ್ಕ, ಕಂಬದ ಬಳಿಯಿಂದ, ಬಲು ಮೆಲ್ಲಗೆ. “ಹೊತ್ತ ಮುಳಗತೈತಿ.”

ಅಳಿಸಿದೆ.